ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆ: ಹಳೆಯ ತಂತ್ರಾಂಶಗಳನ್ನು ಉಳಿಸಿಕೊಳ್ಳುವ ಬಗೆ

ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಇದರ ಫಲವಾಗಿ ಅನೇಕ ಅಂಗಡಿ, ಮಂಡಿ ಹಾಗೂ ಸಣ್ಣ ಕಾರ್ಖಾನೆಗಳಲ್ಲಿ ಹಳೆಯ ಗಣಕಯಂತ್ರಗಳ ಜಾಗಕ್ಕೆ ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪುಗಳು ಬರುತ್ತಿವೆ. ಯಂತ್ರವೇನೋ ಹೊಸದು, ವೇಗವೂ ಹೆಚ್ಚು. ಆದರೆ ಹದಿನೈದು ಇಪ್ಪತ್ತು ವರ್ಷಗಳಿಂದ ಲೆಕ್ಕ ಬರೆದುಕೊಂಡು ಬಂದ ತಂತ್ರಾಂಶವನ್ನು ಅದರಲ್ಲಿ ತೆರೆಯಲು ಹೊರಟಾಗ, ಈ ಗಣಕದಲ್ಲಿ ಈ ತಂತ್ರಾಂಶ ನಡೆಯದು ಎಂಬ ಒಂದು ಸಾಲಿನ ಉತ್ತರ ಪರದೆಯ ಮೇಲೆ ಮೂಡುತ್ತದೆ. ಗುಮಾಸ್ತರು ಮಾಲೀಕರ ಮುಖ ನೋಡುತ್ತಾರೆ, ಮಾಲೀಕರು ಗಣಕ ಮಾರಿದವರಿಗೆ ದೂರವಾಣಿ ಮಾಡುತ್ತಾರೆ.

ಇದಕ್ಕೆ ಕಾರಣವು ಸರಳವಾದುದು. ಡಾಸ್ ಕಾಲದ ತಂತ್ರಾಂಶಗಳು 16 ಬಿಟ್ ಸಂಸ್ಕಾರಕಗಳಿಗಾಗಿ ರಚಿತವಾದವು. 32 ಬಿಟ್ ವಿಂಡೋಸ್ ಆವೃತ್ತಿಗಳಲ್ಲಿ ಇಂತಹ ತಂತ್ರಾಂಶಗಳನ್ನು ನಡೆಸಲು ಒಂದು ಒಳ ಏರ್ಪಾಡು ಇರುತ್ತಿತ್ತು. 64 ಬಿಟ್ ಆವೃತ್ತಿಗಳಲ್ಲಿ ಅದನ್ನು ಕೈಬಿಡಲಾಯಿತು. ವಿಂಡೋಸ್ 10ರವರೆಗೆ 32 ಬಿಟ್ ಆವೃತ್ತಿಯೂ ದೊರೆಯುತ್ತಿದ್ದುದರಿಂದ ಹೇಗೋ ಕೆಲಸ ಸಾಗುತ್ತಿತ್ತು. 2021ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 11 ಕೇವಲ 64 ಬಿಟ್ ರೂಪದಲ್ಲಿದೆ. ಆದುದರಿಂದ ಫಾಕ್ಸ್‌ಪ್ರೋ ಅಥವಾ ಕ್ಲಿಪ್ಪರ್ ಬಳಸಿ ಊರಿನ ತಂತ್ರಜ್ಞರೊಬ್ಬರು ಬರೆದುಕೊಟ್ಟಿದ್ದ ಡಾಸ್ ಕಾಲದ ಲೆಕ್ಕದ ಪ್ಯಾಕೇಜು ಹೊಸ ಯಂತ್ರದಲ್ಲಿ ನೇರವಾಗಿ ನಡೆಯುವ ಮಾತೇ ಇಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದ ಕೆಲವು 32 ಬಿಟ್ ತಂತ್ರಾಂಶಗಳು ನಡೆದರೂ ನಡೆದಾವು. ಆದರೆ ಅವುಗಳ ಜೊತೆಗಿನ ಡ್ರೈವರುಗಳು ಹೊಸ ವ್ಯವಸ್ಥೆಗೆ ಒಗ್ಗುವುದಿಲ್ಲ.

ಹಳೆಯ ಲೆಕ್ಕವನ್ನು ಬಿಟ್ಟುಬಿಟ್ಟರಾಯಿತು ಎನ್ನುವಂತೆಯೂ ಇಲ್ಲ. 2013ರ ಕಂಪನಿಗಳ ಅಧಿನಿಯಮದ 128ನೆಯ ಪ್ರಕರಣದಂತೆ ಕಂಪನಿಯು ಹಿಂದಿನ ಎಂಟು ಆರ್ಥಿಕ ವರ್ಷಗಳ ಲೆಕ್ಕಪುಸ್ತಕಗಳನ್ನು ಕಾಪಾಡಬೇಕು. ಸರಕು ಮತ್ತು ಸೇವಾ ತೆರಿಗೆಯ ಕೇಂದ್ರ ಅಧಿನಿಯಮದ 36ನೆಯ ಪ್ರಕರಣವು ನೋಂದಾಯಿತ ವ್ಯಾಪಾರಿಗಳಿಗೆ, ವಾರ್ಷಿಕ ವಿವರಣೆ ಸಲ್ಲಿಸಲು ನಿಗದಿಯಾದ ದಿನಾಂಕದಿಂದ 72 ತಿಂಗಳುಗಳ ಅವಧಿಯನ್ನು ವಿಧಿಸಿದೆ. 2021–22ನೆಯ ಸಾಲಿನ ವಾರ್ಷಿಕ ವಿವರಣೆಗೆ 2022ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು. ಅಂದರೆ ಆ ಸಾಲಿನ ಲೆಕ್ಕವು 2028ರ ಡಿಸೆಂಬರ್ ಅಂತ್ಯದವರೆಗೆ ಕೈಗೆ ಸಿಗುವಂತಿರಬೇಕು. ಮೇಲ್ಮನವಿ ಇತ್ಯಾದಿ ಬಾಕಿ ಇದ್ದಲ್ಲಿ, ಅದು ಅಂತಿಮವಾಗಿ ತೀರ್ಮಾನವಾದ ನಂತರ ಒಂದು ವರ್ಷ ಅಥವಾ ಮೇಲೆ ಹೇಳಿದ ಅವಧಿ, ಇವುಗಳಲ್ಲಿ ಯಾವುದು ತಡವೋ ಅದುವರೆಗೆ. ಕರ್ನಾಟಕದಲ್ಲಿ 2005ರ ಏಪ್ರಿಲ್‌ನಿಂದ 2017ರ ಜೂನ್‌ವರೆಗೆ ಜಾರಿಯಲ್ಲಿದ್ದ ಮೌಲ್ಯವರ್ಧಿತ ತೆರಿಗೆಯ ತಕರಾರು ಇನ್ನೂ ಮುಗಿಯದವರಿಗಂತೂ ಆ ಕಾಲದ ಖಾತೆಗಳು ಇಂದಿಗೂ ಜೀವಂತವಾದ ಸಾಕ್ಷ್ಯಗಳೇ. ಅಧಿಕಾರಿಯು ಒಂದು ಬೀಜಕ ಕೇಳಿದಾಗ ಗಣಕ ಕೆಟ್ಟಿದೆ ಎಂಬ ಉತ್ತರವು ನಿಲ್ಲುವುದಿಲ್ಲ.

ಈ ತೊಡಕಿಗೆ ಇರುವ ಪರಿಹಾರಗಳಲ್ಲಿ ಒಂದು, ಹೊಸ ಲ್ಯಾಪ್‌ಟಾಪಿನೊಳಗೇ ಹಳೆಯ ಗಣಕವೊಂದನ್ನು ಕಲ್ಪಿಸಿ ನಡೆಸುವುದು. ಇದಕ್ಕೆ ವರ್ಚುವಲೈಸೇಶನ್ ಎಂಬ ಹೆಸರು.

ಕಲ್ಪಿತ ಯಂತ್ರವೆಂದರೇನು?

ದೊಡ್ಡ ಗೋದಾಮಿನ ಒಡೆಯನು ಅದರ ಒಂದು ಮೂಲೆಗೆ ಅಡ್ಡಗೋಡೆ ಕಟ್ಟಿಸಿ, ಬೇರೆ ಬಾಗಿಲು, ಬೇರೆ ಬೀಗ, ಬೇರೆ ವಿದ್ಯುತ್ ಮೀಟರು ಇಡಿಸಿ, ಇನ್ನೊಬ್ಬ ವರ್ತಕನಿಗೆ ಬಾಡಿಗೆಗೆ ಕೊಡುವುದುಂಟು. ಒಳಗಿರುವ ಬಾಡಿಗೆದಾರನ ಮಟ್ಟಿಗೆ ಅದೇ ಪೂರ್ಣ ಗೋದಾಮು. ಗೋಡೆಯಾಚೆ ಏನಿದೆಯೆಂಬುದು ಅವನಿಗೆ ಕಾಣದು. ವರ್ಚುವಲೈಸೇಶನ್ ತಂತ್ರಾಂಶವು ಮಾಡುವುದು ಇದನ್ನೇ. ಲ್ಯಾಪ್‌ಟಾಪಿನ ಸ್ಮರಣೆಯಲ್ಲಿ ಒಂದು ಪಾಲು, ಸಂಸ್ಕಾರಕದ ಒಂದೆರಡು ಅಂಕಣ, ಡಿಸ್ಕಿನ ಮೇಲೆ ಒಂದು ದೊಡ್ಡ ಕಡತ, ಇಷ್ಟನ್ನು ಬೇರ್ಪಡಿಸಿ ಅದೇ ಒಂದು ಪ್ರತ್ಯೇಕ ಗಣಕವೆಂಬ ಭಾವನೆ ಬರುವಂತೆ ಮಾಡುತ್ತದೆ. ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದ ಇರುವ ವ್ಯವಸ್ಥೆಗೆ ಆತಿಥೇಯ ವ್ಯವಸ್ಥೆಯೆಂದೂ ಒಳಗೆ ನೆಲೆಸುವುದಕ್ಕೆ ಅತಿಥಿ ವ್ಯವಸ್ಥೆಯೆಂದೂ ಹೇಳುವುದು ರೂಢಿ. ಅತಿಥಿಯು ಪರದೆಯ ಮೇಲೆ ಒಂದು ಕಿಟಕಿಯಾಗಿ ಕಾಣಿಸಿಕೊಳ್ಳುತ್ತದೆ. ಆ ಕಿಟಕಿಯೊಳಗೆ ಹಳೆಯ ವಿಂಡೋಸ್ ತನ್ನ ನೀಲಿ ಪಟ್ಟಿ, ಹಸಿರು ಗುಂಡಿಗಳೊಡನೆ ತೆರೆದುಕೊಂಡರೆ, ಪಕ್ಕದಲ್ಲಿಯೇ ಹೊಸ ವಿಂಡೋಸ್‌ನಲ್ಲಿ ಜಿಎಸ್‌ಟಿ ಜಾಲತಾಣ ತೆರೆದಿರಬಹುದು.

ಈ ವಿದ್ಯೆ ಹೊಸದೇನಲ್ಲ. 1960ರ ದಶಕದಲ್ಲಿಯೇ ಐಬಿಎಂ ಸಂಸ್ಥೆಯು ತನ್ನ ದೊಡ್ಡ ಗಣಕಗಳಲ್ಲಿ ಇದನ್ನು ಸಾಧಿಸಿ, 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಗ್ರಾಹಕರಿಗೆ ನೀಡಿತ್ತು. ಮೇಜಿನ ಮೇಲಿನ ಗಣಕಗಳಿಗೆ ಇದನ್ನು ತಂದದ್ದು 1998ರಲ್ಲಿ ಅಮೆರಿಕದಲ್ಲಿ ಆರಂಭವಾದ ವಿಎಂವೇರ್ ಸಂಸ್ಥೆ. ಅದರ ಮೊದಲ ಉತ್ಪನ್ನ 1999ರಲ್ಲಿ ಹೊರಬಂದಿತು. ಆಗಿನ ಸಂಸ್ಕಾರಕಗಳಲ್ಲಿ ಇದಕ್ಕೆ ಅನುಕೂಲವಿಲ್ಲದ್ದರಿಂದ ತಂತ್ರಾಂಶವೇ ಬಹಳ ಹೆಣಗಬೇಕಾಗುತ್ತಿತ್ತು. 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ತಮ್ಮ ಸಂಸ್ಕಾರಕಗಳಲ್ಲಿಯೇ ನೆರವಿನ ಏರ್ಪಾಡನ್ನು ಅಳವಡಿಸಿದ ಮೇಲೆ ಕೆಲಸ ಹಗುರವಾಯಿತು.

ಒಂದೇ ಡಿಸ್ಕಿನಲ್ಲಿ ಎರಡು ವ್ಯವಸ್ಥೆಗಳನ್ನು ಸ್ಥಾಪಿಸಿ, ಗಣಕ ಚಾಲೂ ಮಾಡುವಾಗ ಯಾವುದು ಬೇಕೆಂದು ಆರಿಸುವ ಪದ್ಧತಿಯೂ ಇದೆ. ಆದರೆ ಹೊಸ ಲ್ಯಾಪ್‌ಟಾಪುಗಳ ಯಂತ್ರಾಂಶಕ್ಕೆ ಎಕ್ಸ್‌ಪಿಯಲ್ಲಿ ಡ್ರೈವರುಗಳೇ ಇಲ್ಲವಾದ್ದರಿಂದ ಈ ಸಂದರ್ಭದಲ್ಲಿ ಆ ಪದ್ಧತಿಯಿಂದ ಪ್ರಯೋಜನವಿಲ್ಲ. ಕಲ್ಪಿತ ಯಂತ್ರದ ಗುಣವೇ ಇಲ್ಲಿದೆ. ಅದು ಅತಿಥಿಗೆ ತೋರಿಸುವುದು ನಿಜವಾದ ಯಂತ್ರಾಂಶವನ್ನಲ್ಲ, ಹಳೆಯ ವ್ಯವಸ್ಥೆಗೆ ಪರಿಚಿತವಾದ ಹಳೆಯ ಬಗೆಯ ಡಿಸ್ಕ್, ಹಳೆಯ ಬಗೆಯ ನೆಟ್‌ವರ್ಕ್ ಕಾರ್ಡುಗಳನ್ನು.

ಮೊದಲು ನೋಡಬೇಕಾದ ಸಂಗತಿಗಳು

ಲ್ಯಾಪ್‌ಟಾಪಿನಲ್ಲಿ 8 ಜಿಬಿ ಸ್ಮರಣೆ ಇದ್ದರೆ ಎಕ್ಸ್‌ಪಿಗೆ 1 ಜಿಬಿ, ವಿಂಡೋಸ್ 7ರ 32 ಬಿಟ್ ಆವೃತ್ತಿಗೆ 2 ಜಿಬಿ ಕೊಟ್ಟು ಕೆಲಸ ಸಾಗಿಸಬಹುದು. ಅತಿಥಿಯೂ ವಿಂಡೋಸ್ 10 ಅಥವಾ 11 ಆಗಬೇಕೆಂದಿದ್ದರೆ 16 ಜಿಬಿ ಇರುವುದು ಮೇಲು. ತಿರುಗುವ ಹಾರ್ಡ್ ಡಿಸ್ಕಿಗಿಂತ ಎಸ್‌ಎಸ್‌ಡಿ ಇದ್ದರೆ ವೇಗದ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಸಂಸ್ಕಾರಕದ ಪುಟವನ್ನು ನೋಡಿದರೆ ವರ್ಚುವಲೈಸೇಶನ್ ಚಾಲೂ ಇದೆಯೋ ಇಲ್ಲವೋ ಎಂಬುದು ಅಲ್ಲಿಯೇ ಬರೆದಿರುತ್ತದೆ. ಇಲ್ಲವೆಂದಿದ್ದಲ್ಲಿ ಗಣಕ ಆರಂಭವಾಗುವಾಗ ಬಯೋಸ್ ಪುಟಕ್ಕೆ ಹೋಗಿ ಅದನ್ನು ಚಾಲೂ ಮಾಡಬೇಕು. ತಂತ್ರಾಂಶ ಸರಿಯಿಲ್ಲವೆಂದು ದೂರುವವರಲ್ಲಿ ಹಲವರು ಎಡವುವುದು ಈ ಒಂದು ಗುಂಡಿಯ ಬಳಿಯಲ್ಲಿಯೇ.

ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುನ್ನವೇ ವಿಚಾರಿಸಬೇಕಾದ ಇನ್ನೊಂದು ವಿಷಯವಿದೆ. 2020ರ ನವೆಂಬರಿನಿಂದ ಆಪಲ್ ಸಂಸ್ಥೆಯು ತನ್ನದೇ ಎಂ ಸರಣಿಯ ಸಂಸ್ಕಾರಕಗಳ ಮ್ಯಾಕ್‌ಬುಕ್‌ಗಳನ್ನು ತಂದಿತು. 2024ರಿಂದ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿಯೂ ಸ್ನ್ಯಾಪ್‌ಡ್ರ್ಯಾಗನ್ ಸಂಸ್ಕಾರಕಗಳಿರುವ ಮಾದರಿಗಳಿಗೆ ಭಾರಿ ಪ್ರಚಾರ ದೊರೆಯಿತು. ಇವೆರಡೂ ಆರ್ಮ್ ಎಂಬ ಬೇರೆ ವಂಶದ ಸಂಸ್ಕಾರಕಗಳು. ಬ್ಯಾಟರಿ ದೀರ್ಘಕಾಲ ಬರುತ್ತದೆಂಬುದು ನಿಜ. ಆದರೆ ಇಂಟೆಲ್ ಅಥವಾ ಎಎಂಡಿ ಸಂಸ್ಕಾರಕಗಳಿಗಾಗಿ ತಯಾರಾದ ಎಕ್ಸ್‌ಪಿ, ವಿಂಡೋಸ್ 7 ಅಥವಾ ಡಾಸ್ ವ್ಯವಸ್ಥೆಗಳನ್ನು ಇವುಗಳ ಮೇಲೆ ವರ್ಚುವಲೈಸೇಶನ್ ಮೂಲಕ ನಡೆಸಲಾಗದು. ಪ್ರತಿಯೊಂದು ಆಜ್ಞೆಯನ್ನೂ ಭಾಷಾಂತರಿಸುತ್ತ ಹೋಗುವ ಅನುಕರಣ ತಂತ್ರಾಂಶಗಳು ಇವೆಯಾದರೂ ಅವು ನಿಧಾನ. ಹಳೆಯ ತಂತ್ರಾಂಶದ ಅವಲಂಬನೆ ಇರುವವರು ಇಂಟೆಲ್ ಅಥವಾ ಎಎಂಡಿ ಸಂಸ್ಕಾರಕದ ಲ್ಯಾಪ್‌ಟಾಪನ್ನೇ ಕೊಳ್ಳುವುದು ಕ್ಷೇಮ.

ತಂತ್ರಾಂಶಗಳ ಪೈಕಿ ಒರಾಕಲ್ ಸಂಸ್ಥೆಯ ವರ್ಚುವಲ್‌ಬಾಕ್ಸ್‌ನ ಮೂಲ ಪ್ಯಾಕೇಜು ಮುಕ್ತ ತಂತ್ರಾಂಶವಾಗಿದ್ದು ವ್ಯಾಪಾರೀ ಬಳಕೆಗೂ ಉಚಿತ. ಅದರೊಡನೆ ದೊರೆಯುವ ಎಕ್ಸ್‌ಟೆನ್ಶನ್ ಪ್ಯಾಕ್ ಎಂಬ ಪೂರಕ ಭಾಗದ ಪರವಾನಗಿಯೇ ಬೇರೆ. ಅದು ಉಚಿತವಾಗಿರುವುದು ವೈಯಕ್ತಿಕ ಹಾಗೂ ಶೈಕ್ಷಣಿಕ ಬಳಕೆ ಮತ್ತು ಪರೀಕ್ಷೆಗಳಿಗೆ ಮಾತ್ರ, ವ್ಯಾಪಾರ ಸಂಸ್ಥೆಗಳು ಹಣ ತೆರಬೇಕು. ಮೂಲ ಪ್ಯಾಕೇಜಿನ ಜೊತೆಗೆ ಇದನ್ನೂ ಅವಸರದಲ್ಲಿ ಇಳಿಸಿಕೊಂಡುಬಿಡುವುದು ಸಾಮಾನ್ಯವಾಗಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ವಿಎಂವೇರ್ ಸಂಸ್ಥೆಯನ್ನು 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕೊಂಡುಕೊಂಡಿತು. ಹಿಂದೆ ಹಣ ಕೊಟ್ಟು ಕೊಳ್ಳಬೇಕಾಗಿದ್ದ ವರ್ಕ್‌ಸ್ಟೇಶನ್ ಪ್ರೊ ತಂತ್ರಾಂಶವು 2024ರ ನವೆಂಬರಿನಿಂದ ವ್ಯಾಪಾರೀ ಬಳಕೆಗೂ ಉಚಿತವಾಯಿತು. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಹೈಪರ್‌-ವಿ ಎಂಬುದು ಒಳಗೇ ಇದೆ. ಹೋಮ್ ಆವೃತ್ತಿಯಲ್ಲಿ ಇಲ್ಲ. ಆದರೆ ಯುಎಸ್‌ಬಿ ಸಾಧನಗಳನ್ನು ಅತಿಥಿಗೆ ಒಪ್ಪಿಸುವ ಕೆಲಸಕ್ಕೆ ಹೈಪರ್‌-ವಿಗಿಂತ ಮೊದಲಿನ ಎರಡು ತಂತ್ರಾಂಶಗಳೇ ಅನುಕೂಲ. ಹೈಪರ್‌-ವಿ ಚಾಲೂ ಇದ್ದಾಗ ವರ್ಚುವಲ್‌ಬಾಕ್ಸ್ ನಿಧಾನವಾಗುವುದೂ ಉಂಟು.

ಹಳೆಯ ಗಣಕವನ್ನು ಹೊಸದರೊಳಗೆ ತರುವುದು

ಮೂಲ ಅಡಕ ಮುದ್ರಿಕೆ ಮತ್ತು ಕೀಲಿ ಸಂಖ್ಯೆ ಕೈಯಲ್ಲಿದ್ದರೆ ಕಲ್ಪಿತ ಯಂತ್ರದಲ್ಲಿ ಹಳೆಯ ವಿಂಡೋಸನ್ನೂ ಅದರ ಮೇಲೆ ಲೆಕ್ಕದ ತಂತ್ರಾಂಶವನ್ನೂ ಹೊಸದಾಗಿ ಸ್ಥಾಪಿಸಿ, ದತ್ತಾಂಶದ ಕೋಶವನ್ನು ಪ್ರತಿ ಮಾಡಿಕೊಳ್ಳುವುದೇ ಅಚ್ಚುಕಟ್ಟಾದ ಮಾರ್ಗ. ಆದರೆ ಬಹುತೇಕ ಕಡೆ ಮುದ್ರಿಕೆ ಕಳೆದುಹೋಗಿರುತ್ತದೆ, ತಂತ್ರಾಂಶ ಬರೆದವರು ಊರು ಬಿಟ್ಟಿರುತ್ತಾರೆ. ಅಂತಹವರು ಹಳೆಯ ಗಣಕದ ಡಿಸ್ಕನ್ನು ಇದ್ದಂತೆಯೇ ಒಂದು ಕಡತವಾಗಿ ಪರಿವರ್ತಿಸಬೇಕಾಗುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯೇ ಉಚಿತವಾಗಿ ನೀಡುವ ಡಿಸ್ಕ್‌ಟುವಿಎಚ್‌ಡಿ ಎಂಬ ಸಣ್ಣ ಸಾಧನವು ಚಾಲನೆಯಲ್ಲಿರುವ ವಿಂಡೋಸ್ ಗಣಕದ ಡಿಸ್ಕನ್ನು ಹೀಗೆ ಕಡತ ಮಾಡಿಕೊಡುತ್ತದೆ. ಆ ಕಡತವನ್ನು ವರ್ಚುವಲ್‌ಬಾಕ್ಸ್ ನೇರವಾಗಿ ತೆರೆಯಬಲ್ಲದು. ಮೊದಲ ಸಲ ನೀಲಿ ಪರದೆ ಬಂದು ನಿಂತರೆ ಗಾಬರಿಪಡಬೇಕಾಗಿಲ್ಲ. ಎಕ್ಸ್‌ಪಿಗೆ ಸಾಟಾ ಬಗೆಯ ಡಿಸ್ಕ್ ಗುರುತಿಸುವ ಶಕ್ತಿ ಸಹಜವಾಗಿ ಇಲ್ಲದಿರುವುದೇ ಅನೇಕ ವೇಳೆ ಕಾರಣ. ಕಲ್ಪಿತ ಯಂತ್ರದ ಡಿಸ್ಕ್ ನಿಯಂತ್ರಕವನ್ನು ಐಡಿಇ ಎಂದು ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಈ ಕೆಲಸವನ್ನು ಹಳೆಯ ಗಣಕ ಇನ್ನೂ ಚಾಲನೆಯಲ್ಲಿರುವಾಗಲೇ ಮುಗಿಸಿಕೊಳ್ಳಬೇಕು. ಹತ್ತು ಹನ್ನೆರಡು ವರ್ಷ ತಿರುಗಿದ ಹಾರ್ಡ್ ಡಿಸ್ಕು ಯಾವ ಬೆಳಿಗ್ಗೆ ಏಳುವುದಿಲ್ಲವೋ ಹೇಳಬರುವುದಿಲ್ಲ.

ಡಾಸ್ ತಂತ್ರಾಂಶಗಳಿಗೆ ಫ್ರೀಡಾಸ್ ಎಂಬ ಉಚಿತ ವ್ಯವಸ್ಥೆಯಿದೆ. 1994ರಲ್ಲಿ ಆರಂಭವಾದ ಈ ಯೋಜನೆಯ 1.0 ಆವೃತ್ತಿ 2006ರಲ್ಲಿ ಬಂದಿತು. ಆದರೆ ಡಾಸ್‌ಗೆ ಯುಎಸ್‌ಬಿ ಮುದ್ರಕ ತಿಳಿಯದು, ಆತಿಥೇಯದೊಡನೆ ಕಡತ ಹಂಚಿಕೊಳ್ಳುವುದೂ ಕಷ್ಟ. ಅಷ್ಟೇ ಅಲ್ಲದೆ ಡಾಸ್ ತಂತ್ರಾಂಶವು ಕೀಲಿಮಣೆಯ ಒತ್ತಿಗಾಗಿ ಕಾಯುವಾಗಲೂ ಸಂಸ್ಕಾರಕವನ್ನು ಬಿಡುವಿಲ್ಲದೆ ದುಡಿಸುತ್ತಿರುತ್ತದೆ. ಯಾರೂ ಏನೂ ಮಾಡದಿದ್ದರೂ ಲ್ಯಾಪ್‌ಟಾಪ್ ಬಿಸಿಯಾಗಿ ಪಂಖ ಮೊರೆಯುವುದಕ್ಕೆ ಇದೇ ಕಾರಣ. ಫ್ರೀಡಾಸ್‌ನಲ್ಲಿಯೇ ಇರುವ ವಿದ್ಯುತ್ ಉಳಿತಾಯದ ಆಜ್ಞೆಯಿಂದ ಇದನ್ನು ತಗ್ಗಿಸಬಹುದು. ಇವೆಲ್ಲವನ್ನೂ ಗಮನಿಸಿದರೆ ಡಾಸ್ ಪ್ಯಾಕೇಜಿಗೂ 32 ಬಿಟ್ ವಿಂಡೋಸನ್ನೇ ಅತಿಥಿಯಾಗಿ ಇಟ್ಟು ಅದರೊಳಗೆ ನಡೆಸುವುದು ದಿನಬಳಕೆಗೆ ಸುಲಭ. ಆಗ ಮುದ್ರಣವನ್ನು ಎಲ್‌ಪಿಟಿ-1 ದ್ವಾರದಿಂದ ಹಂಚಿಕೆಯ ಮುದ್ರಕಕ್ಕೆ ತಿರುಗಿಸಿ, ಡಾಟ್ ಮ್ಯಾಟ್ರಿಕ್ಸ್ ಯಂತ್ರದಲ್ಲಿಯೇ ಅಗಲವಾದ ಖಾತೆ ಪುಟಗಳನ್ನು ತೆಗೆಯಬಹುದು.

ಎಲ್ಲದಕ್ಕೂ ಕಲ್ಪಿತ ಯಂತ್ರವೇ ಬೇಕೆಂದಿಲ್ಲ. ಫಾಕ್ಸ್‌ಪ್ರೋ ಮತ್ತು ಕ್ಲಿಪ್ಪರ್ ತಂತ್ರಾಂಶಗಳ ದತ್ತಾಂಶವು ಡಿಬಿಎಫ್ ಎಂಬ ಕಡತಗಳಲ್ಲಿರುತ್ತದೆ. ಇವನ್ನು ಉಚಿತವಾದ ಲಿಬ್ರೆಆಫೀಸ್‌ನ ಕ್ಯಾಲ್ಕ್ ತಂತ್ರಾಂಶವು ಕೋಷ್ಟಕವಾಗಿ ತೆರೆದು ತೋರಿಸುತ್ತದೆ. ಒಂದು ಬೀಜಕದ ಮೊತ್ತ, ಒಬ್ಬ ಗ್ರಾಹಕನ ಬಾಕಿ ಹುಡುಕುವುದಕ್ಕೆ ಇಷ್ಟೇ ಸಾಕು. ಕ್ರಮಬದ್ಧವಾದ ಖಾತೆ ಪುಟ, ಅಂದಿನ ನಮೂನೆಯಲ್ಲಿಯೇ ಬೀಜಕ ಬೇಕಾದಾಗ ಮಾತ್ರ ಮೂಲ ತಂತ್ರಾಂಶ ಅನಿವಾರ್ಯ. ಹಾಗೆಯೇ ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ ಪತ್ರಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡರೆ, ಅದಕ್ಕಾಗಿ ಇಡೀ ಎಕ್ಸ್‌ಪಿಯನ್ನು ಹೊತ್ತು ತರುವುದು ಅತಿಯಾಯಿತು. ಅವನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೇ ಯುಕ್ತ.

ಕಾರ್ಖಾನೆಗಳ ವಿಶೇಷ ತೊಡಕುಗಳು

ಪೀಣ್ಯದಲ್ಲಾಗಲಿ ಬೆಳಗಾವಿಯ ಉದ್ಯಮಬಾಗದಲ್ಲಾಗಲಿ ಸಣ್ಣ ಯಂತ್ರಾಗಾರ ನಡೆಸುವವರಿಗೆ ಲೆಕ್ಕಕ್ಕಿಂತ ಸಿಎನ್‌ಸಿ ಯಂತ್ರದ ಚಿಂತೆ ಹೆಚ್ಚು. ಯಂತ್ರವು ಇನ್ನೂ ಹತ್ತು ವರ್ಷ ದುಡಿಯಬಲ್ಲದು. ಅದಕ್ಕೆ ಪ್ರೋಗ್ರಾಂ ಕಳಿಸುವ ತಂತ್ರಾಂಶ ಮಾತ್ರ ಎಕ್ಸ್‌ಪಿಯಲ್ಲಿಯೇ ನಡೆಯುತ್ತದೆ. ಇಲ್ಲಿಯೂ ಕಲ್ಪಿತ ಯಂತ್ರ ಒದಗಿಬರುತ್ತದೆ, ಆದರೆ ಕೆಲವು ಮಿತಿಗಳೊಡನೆ.

ಯಂತ್ರದೊಡನೆ ಮಾತನಾಡುವುದು ಆರ್‌ಎಸ್-232 ಎಂಬ ಒಂಬತ್ತು ಅಥವಾ ಇಪ್ಪತ್ತೈದು ಮೊಳೆಗಳ ಸರಣಿ ದ್ವಾರದ ಮೂಲಕವಾದರೆ, ಲ್ಯಾಪ್‌ಟಾಪಿಗೆ ಯುಎಸ್‌ಬಿ ಪರಿವರ್ತಕ ಕೇಬಲ್ ಜೋಡಿಸಿ ಆ ಪರಿವರ್ತಕವನ್ನು ಅತಿಥಿಗೆ ಒಪ್ಪಿಸಬಹುದು. ಸಣ್ಣ ಪ್ರೋಗ್ರಾಂಗಳು ತೊಂದರೆಯಿಲ್ಲದೆ ಹೋಗುತ್ತವೆ. ಯಂತ್ರ ಕತ್ತರಿಸುತ್ತಿರುವಾಗಲೇ ಸಾಲುಸಾಲಾಗಿ ಪ್ರೋಗ್ರಾಂ ಉಣಿಸುವ ಪದ್ಧತಿಯಲ್ಲಿ ಮಾತ್ರ ಒಂದು ಕ್ಷಣದ ತಡೆಯೂ ತುಂಡಿನ ಮೇಲೆ ಗುರುತು ಬಿಡಬಹುದು. ಆದುದರಿಂದ ಮೊದಲು ತುಂಡನ್ನು ಕಟ್ಟದೆ ಗಾಳಿಯಲ್ಲಿ ಓಡಿಸಿ, ಕಳಿಸಿದ ಪ್ರೋಗ್ರಾಂ ಅನ್ನು ಯಂತ್ರದಿಂದ ಹಿಂದಕ್ಕೆ ತರಿಸಿ, ಎರಡನ್ನೂ ಹೋಲಿಸಿ ನೋಡಿದ ಮೇಲೆಯೇ ಉತ್ಪಾದನೆಗೆ ಇಳಿಯಬೇಕು.

ತಂತ್ರಾಂಶದ ಕಳ್ಳತನ ತಡೆಯಲು ಕೊಡುವ ಡಾಂಗಲ್ ಯುಎಸ್‌ಬಿಯದ್ದಾದರೆ ಸಾಮಾನ್ಯವಾಗಿ ಅತಿಥಿಗೆ ಒಪ್ಪಿಸಬಹುದು. ಡಿಜಿಟಲ್ ಸಹಿಯ ಟೋಕನ್‌ಗೂ ಇದೇ ಮಾತು; ಆದರೆ ಒಂದು ವೇಳೆಗೆ ಅದು ಆತಿಥೇಯಕ್ಕೆ ಅಥವಾ ಅತಿಥಿಗೆ, ಯಾವುದಾದರೂ ಒಂದಕ್ಕೆ ಮಾತ್ರ ಕಾಣುತ್ತದೆ. ಸಹಿ ಸಿಗುತ್ತಿಲ್ಲವೆಂದು ಜಾಲತಾಣವನ್ನು ಬಯ್ಯುವ ಮೊದಲು ಟೋಕನ್ ಯಾವ ಮನೆಯಲ್ಲಿದೆಯೆಂದು ನೋಡಿಕೊಳ್ಳುವುದು ಒಳ್ಳೆಯದು. ಡಾಂಗಲ್ ಹಳೆಯ ಪ್ಯಾರಲಲ್ ದ್ವಾರದ್ದಾದರೆ ಮಾತ್ರ ಕಷ್ಟ. ಅಂಗಡಿಗಳಲ್ಲಿ ಸಿಗುವ ಯುಎಸ್‌ಬಿ–ಪ್ಯಾರಲಲ್ ಪರಿವರ್ತಕಗಳು ಮುದ್ರಕಗಳಿಗಾಗಿ ಮಾಡಿದವು, ಡಾಂಗಲ್‌ಗೆ ಉಪಯೋಗಕ್ಕೆ ಬರುವುದಿಲ್ಲ. ಗಣಕದೊಳಗೆ ಸಿಕ್ಕಿಸಿದ ವಿಶೇಷ ನಿಯಂತ್ರಣ ಕಾರ್ಡಿನಿಂದ ನೇರವಾಗಿ ಮೋಟಾರು ನಡೆಸುವ ಯಂತ್ರಗಳನ್ನೂ ಹೀಗೆ ಸ್ಥಳಾಂತರಿಸಲಾಗದು. ಅಂತಹ ಕಡೆ ಹಳೆಯ ಗಣಕವನ್ನೇ ಕಾಪಾಡಿಕೊಂಡು, ಅದೇ ಮಾದರಿಯ ಇನ್ನೊಂದು ಗಣಕ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಬಿಡಿಭಾಗಕ್ಕಾಗಿ ತೆಗೆದಿರಿಸುವುದಲ್ಲದೆ ಬೇರೆ ದಾರಿಯಿಲ್ಲ.

ಎಚ್ಚರ ವಹಿಸಬೇಕಾದ ಮೂರು ವಿಷಯ

ಮೊದಲನೆಯದು ಸುರಕ್ಷತೆ. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು. ಅವುಗಳಲ್ಲಿ ಉಳಿದಿರುವ ತೂತುಗಳಿಗೆ ತೇಪೆ ಬರುವುದಿಲ್ಲ. 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶವು ನೆಟ್‌ವರ್ಕಿನ ಮೂಲಕ ಲೋಕವಿಡೀ ಹಬ್ಬಿದ್ದು ಹಳೆಯ ಕಡತ ಹಂಚಿಕೆ ವಿಧಾನವೊಂದರ ದೋಷದಿಂದಲೇ. ಕಲ್ಪಿತ ಯಂತ್ರದ ಗೋಡೆಯೊಳಗಿದೆಯೆಂದ ಮಾತ್ರಕ್ಕೆ ಅತಿಥಿಗೆ ರೋಗ ತಗಲದೆ ಇರದು. ಆದುದರಿಂದ ಅತಿಥಿ ವ್ಯವಸ್ಥೆಯ ನೆಟ್‌ವರ್ಕ್ ಕಾರ್ಡನ್ನು ಸೆಟ್ಟಿಂಗ್‌ನಲ್ಲಿಯೇ ತೆಗೆದುಹಾಕಬೇಕು. ಲೆಕ್ಕ ನೋಡಲು ಅಂತರಜಾಲ ಬೇಕಾಗಿಲ್ಲ. ಹಂಚಿಕೆಯ ಕೋಶ ಬೇಕಿದ್ದರೆ ಅದಕ್ಕಾಗಿಯೇ ಒಂದು ಖಾಲಿ ಕೋಶವನ್ನು ಕೊಡಬೇಕೇ ಹೊರತು ಲ್ಯಾಪ್‌ಟಾಪಿನ ಇಡೀ ಡಿಸ್ಕನ್ನಲ್ಲ. ಆ ಕೋಶವು ಗೋಡೆಯಲ್ಲಿ ಕೊರೆದ ಕಿಂಡಿಯಿದ್ದಂತೆ. ಸುಲಿಗೆ ತಂತ್ರಾಂಶಕ್ಕೂ ಅದೇ ದಾರಿ.

ಎರಡನೆಯದು ಸ್ನ್ಯಾಪ್‌ಶಾಟ್. ಕಲ್ಪಿತ ಯಂತ್ರದ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟು, ಮುಂದೆ ಏನಾದರೂ ಕೆಟ್ಟರೆ ಆ ಕ್ಷಣಕ್ಕೆ ಮರಳುವ ಸೌಲಭ್ಯವಿದು. ತಂತ್ರಾಂಶ ಪರೀಕ್ಷಿಸುವವರಿಗೆ ವರದಾನ. ಲೆಕ್ಕ ಬರೆಯುವವರಿಗೆ ಮಾತ್ರ ಇದು ಅಪಾಯದ ವಸ್ತು. ಸೋಮವಾರದ ಸ್ನ್ಯಾಪ್‌ಶಾಟಿಗೆ ಶನಿವಾರ ಮರಳಿದರೆ ನಡುವಿನ ಐದು ದಿನಗಳ ನಮೂದುಗಳು ಸದ್ದಿಲ್ಲದೆ ಅಳಿಸಿಹೋಗುತ್ತವೆ. ಕಂಪನಿಗಳಿಗಂತೂ 2023ರ ಏಪ್ರಿಲ್ 1ರಿಂದ, ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕದೊಡನೆ ದಾಖಲಿಸುವ ಹಾಗೂ ಆ ದಾಖಲೆಯನ್ನು ನಿಷ್ಕ್ರಿಯಗೊಳಿಸಲಾಗದ ಲೆಕ್ಕದ ತಂತ್ರಾಂಶವೇ ಕಡ್ಡಾಯ. ಹಳೆಯ ಪ್ಯಾಕೇಜುಗಳಲ್ಲಿ ಈ ಗುಣ ಇರುವುದಿಲ್ಲ. ಅಂದರೆ ಕಂಪನಿಯ ರೂಪದಲ್ಲಿರುವ ಸಂಸ್ಥೆಗಳು ಕಲ್ಪಿತ ಯಂತ್ರದೊಳಗಿನ ಹಳೆಯ ತಂತ್ರಾಂಶವನ್ನು ಹಿಂದಿನ ವರ್ಷಗಳ ಲೆಕ್ಕ ನೋಡಲು ಬಳಸಬಹುದೇ ವಿನಾ ಚಾಲ್ತಿ ವರ್ಷದ ಲೆಕ್ಕ ಬರೆಯಲು ಅಲ್ಲ. ಪಾಲುದಾರಿಕೆ ಹಾಗೂ ಏಕವ್ಯಕ್ತಿ ಮಾಲೀಕತ್ವದ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದು. ಆದರೂ ಚಾಲ್ತಿ ಲೆಕ್ಕವನ್ನು ಹೊಸ ತಂತ್ರಾಂಶಕ್ಕೆ ಒಯ್ಯುವುದೇ ಲೇಸು.

ಮೂರನೆಯದು ಪರವಾನಗಿ. ಲ್ಯಾಪ್‌ಟಾಪಿನೊಡನೆ ಬಂದ ವಿಂಡೋಸ್ 11ರ ಪರವಾನಗಿಯು ಅದರೊಳಗಿನ ಅತಿಥಿಗೆ ಅನ್ವಯಿಸುವುದಿಲ್ಲ. ಅತಿಥಿ ವಿಂಡೋಸ್‌ಗೆ ಪ್ರತ್ಯೇಕ ಪರವಾನಗಿ ಬೇಕು. ಹಳೆಯ ಗಣಕದ ಜೊತೆಯಲ್ಲಿಯೇ ತಯಾರಕರಿಂದ ಬಂದ ವಿಂಡೋಸ್ ಆ ಗಣಕಕ್ಕೇ ಅಂಟಿಕೊಂಡದ್ದು, ಬೇರೆಡೆಗೆ ಒಯ್ಯಲು ಅನುಮತಿಯಿಲ್ಲ. ಪೆಟ್ಟಿಗೆಯಲ್ಲಿ ಪ್ರತ್ಯೇಕವಾಗಿ ಕೊಂಡ ಪ್ರತಿಯಾದರೆ ಹಳೆಯ ಯಂತ್ರದಿಂದ ತೆಗೆದು ಇಲ್ಲಿ ಬಳಸಬಹುದು. ಮೈಕ್ರೋಸಾಫ್ಟ್ 2009ರಲ್ಲಿ ವಿಂಡೋಸ್ 7 ಪ್ರೊಫೆಷನಲ್ ಗ್ರಾಹಕರಿಗೆ ಎಕ್ಸ್‌ಪಿ ಮೋಡ್ ಎಂಬ ಸಿದ್ಧ ಕಲ್ಪಿತ ಯಂತ್ರವನ್ನು ಉಚಿತವಾಗಿ ಕೊಟ್ಟಿತ್ತು. ಅದನ್ನೇ ವಿಂಡೋಸ್ 11ರಲ್ಲಿ ಹಾಕಿಕೊಡುವುದಾಗಿ ಹೇಳುವ ತಂತ್ರಜ್ಞರ ಮಾತು ತಾಂತ್ರಿಕವಾಗಿ ಸಾಧ್ಯವಿದ್ದರೂ ಪರವಾನಗಿಯ ಮಟ್ಟಿಗೆ ಸಲ್ಲದು. ನಕಲಿ ಪ್ರತಿಯನ್ನು ತಿಳಿದೂ ವ್ಯಾಪಾರದಲ್ಲಿ ಬಳಸುವುದು 1957ರ ಕೃತಿಸ್ವಾಮ್ಯ ಅಧಿನಿಯಮದ 63-ಬಿ ಪ್ರಕರಣದಡಿ ಕಾರಾವಾಸದವರೆಗೆ ಒಯ್ಯಬಲ್ಲ ಅಪರಾಧ.

ಕಲ್ಪಿತ ಯಂತ್ರ ಸಿದ್ಧವಾದ ಮೇಲೆ ಹಿಂದಿನ ಯಾವುದಾದರೂ ಒಂದು ಮಾರ್ಚ್ ತಿಂಗಳ ತಾಳೆಪಟ್ಟಿಯನ್ನು ಅದರಿಂದ ತೆಗೆದು, ಲೆಕ್ಕಪರಿಶೋಧಕರ ಬಳಿಯಿರುವ ಸಹಿ ಮಾಡಿದ ಪ್ರತಿಯೊಡನೆ ಹೋಲಿಸಬೇಕು. ಮೊತ್ತಗಳು ಕೂಡಿಬಂದರೆ ಯಂತ್ರವನ್ನು ಮುಚ್ಚಿ, ಅದರ ಕಡತಗಳನ್ನು ಎರಡು ಬೇರೆಬೇರೆ ಹೊರ ಡಿಸ್ಕುಗಳಿಗೆ ಪ್ರತಿ ಮಾಡಿ, ಒಂದನ್ನು ಅಂಗಡಿಯಲ್ಲಿಯೂ ಇನ್ನೊಂದನ್ನು ಮನೆಯಲ್ಲಿಯೂ ಇಡಬಹುದು. ಅತಿಥಿ ಚಾಲನೆಯಲ್ಲಿರುವಾಗ ತೆಗೆದ ಪ್ರತಿ ಅರೆಬರೆಯಾಗಿರುವ ಸಂಭವವಿದೆ. ಹಳೆಯ ಗಣಕವನ್ನು ಗುಜರಿಗೆ ಹಾಕುವುದಾದರೆ ಅದರ ಹಾರ್ಡ್ ಡಿಸ್ಕನ್ನು ಕಳಚಿ ತೆಗೆದಿಟ್ಟುಕೊಂಡ ಮೇಲೆಯೇ ಹಾಕಬೇಕು. ಗ್ರಾಹಕರ ಹೆಸರು, ಬಾಕಿ, ಬ್ಯಾಂಕ್ ವಿವರಗಳೆಲ್ಲ ಅದರಲ್ಲಿಯೇ ಇರುತ್ತವೆ.